ಅಜ್ಜಿಯ ಸುತ್ತಳತೆ

ನಮ್ಮ ಮೀನುಮರಿ ಕೇಂದ್ರದ ಐದನೇ ಕೊಳದಲ್ಲಿದ್ದ ಹೆಣ್ಣು ಮೀನನ್ನು ಎಲ್ಲರೂ ಅಜ್ಜಿ ಅಂತಲೇ ಕರೆಯುತ್ತಿದ್ದೆವು. ಹಲ್ಲಿಲ್ಲದ ಬೊಚ್ಚು ಬಾಯಿ, ಕೆನ್ನೆಯ ಕೆಳಗೆ ಇಳಿದುಬಿದ್ದ ಸಣ್ಣ ಕಣ್ಣು, ಹುರುಪೆಯೇ ಇಲ್ಲದ ಬೂದು ಮೈ. ಮೇಕಾಂಗ್ ನದಿಯ ಈ ದೊಡ್ಡ ಜಾತಿ ನದಿಯಲ್ಲಿ ಈಗ ಕಣ್ಣಿಗೆ ಬೀಳುವುದೇ ಅಪರೂಪ. ಕೊಳಗಳಲ್ಲಿ ಬೇಕಾದಷ್ಟಿವೆ, ಆದರೆ ಎಲ್ಲವೂ ಒಂದೇ ಮನೆಯ ಅಣ್ಣ ತಮ್ಮಂದಿರ ಮಕ್ಕಳು. ಅವುಗಳಲ್ಲೇ ಮತ್ತೆ ಮತ್ತೆ ಸಂತಾನ ಮಾಡಿಸಿದರೆ ಬಾಲ ಸೊಟ್ಟಗಿರುವ ಮರಿಗಳು, ಕಣ್ಣಿಲ್ಲದ ಮರಿಗಳು ಹುಟ್ಟುತ್ತವೆ. ನದಿಯಲ್ಲೇ ಹುಟ್ಟಿ ನಮ್ಮ ಕೈಗೆ ಬಂದ ಹೆಣ್ಣು ಅಂತ ಉಳಿದಿದ್ದವಳು ಅಜ್ಜಿ ಒಬ್ಬಳೇ.

ಅವಳನ್ನು ನದಿಯಿಂದ ಹಿಡಿದು ತಂದವರು ಖಮ್ಮೂನ್ ದೊಡ್ಡಪ್ಪ. ನನ್ನ ಸಂಬಂಧಿಕರೇನಲ್ಲ, ನಮ್ಮ ಕಡೆ ಆ ವಯಸ್ಸಿನವರನ್ನೆಲ್ಲ ಹಾಗೇ ಕರೆಯುವುದು. ಆಗ ಅವರಿಗೆ ಸ್ವಂತ ದೋಣಿ ಇತ್ತು. ದೊಡ್ಡ ಮೀನಿನ ಬೇಟೆ ನಿಂತ ಮೇಲೆ ದೋಣಿ ಮಾರಿ ಕೇಂದ್ರದಲ್ಲಿ ಬಲೆ ಎಳೆಯುವ ಕೆಲಸಕ್ಕೆ ಸೇರಿದರು. ಹೆಂಡತಿ ಮಕ್ಕಳ ಬಗ್ಗೆ ಅಪ್ಪಿತಪ್ಪಿಯೂ ಮಾತಾಡದ ಮನುಷ್ಯ, ಅಜ್ಜಿಯ ಬಗ್ಗೆ ಕೇಳಿದರೆ ಮಾತ್ರ ನಿಲ್ಲಿಸುತ್ತಲೇ ಇರಲಿಲ್ಲ.

ಆ ವರ್ಷ ಮೊದಲ ಮಳೆ ಬಿದ್ದ ಮೇಲೆ ಅಜ್ಜಿಯ ಹೊಟ್ಟೆ ಮೆತ್ತಗಾಯಿತು. ತೆಳ್ಳನೆಯ ಕೊಳವೆ ಹಾಕಿ ಒಂದಿಷ್ಟು ಮೊಟ್ಟೆ ಹೀರಿ ನೋಡಿದೆ. ದುಂಡಗೆ, ಎಲ್ಲ ಒಂದೇ ಗಾತ್ರ, ತಿಳಿಹಳದಿ. ಇಷ್ಟು ವರ್ಷ ಕಾದದ್ದಕ್ಕೆ ಕೊನೆಗೂ ಅವಳ ಮೊಟ್ಟೆ ಬಲಿತಿದ್ದವು. ಆದರೆ ಕೊಳದ ನಿಂತ ನೀರಿನಲ್ಲಿ ಈ ಮೀನು ತಾನಾಗಿ ಮೊಟ್ಟೆ ಬಿಡುವುದಿಲ್ಲ, ಸೂಜಿಮದ್ದು ಕೊಟ್ಟು ಬಿಡಿಸಬೇಕು. ಮದ್ದು ಎಷ್ಟು ಅನ್ನುವುದು ಮೀನಿನ ತೂಕದ ಮೇಲೆ ನಿಂತಿದೆ. ಕಡಿಮೆಯಾದರೆ ಮೊಟ್ಟೆ ಸಡಿಲವಾಗದೆ ಒಳಗೇ ಕೊಳೆಯುತ್ತವೆ. ಜಾಸ್ತಿಯಾದರೆ ಹೊಟ್ಟೆ ಗಟ್ಟಿಯಾಗಿ ಉಬ್ಬಿ ತಾಯಿಯೇ ಸಾಯಬಹುದು. ಸೂಜಿ ಹಿಡಿಯುವವಳು ನಾನು. ಹೆಸರು ಬುಪ್ಫಾ. ಸಂತಾನ ವಿಭಾಗ ನೋಡಿಕೊಳ್ಳುವುದು ನನ್ನ ಕೆಲಸ.

ತೂಕ ಬೇಕಾದರೆ ತೂಗಿದರಾಯಿತಲ್ಲ ಅನ್ನಬಹುದು. ಹಿಂದಿನ ವರ್ಷ ಹಾಗೇ ಮಾಡಿದ್ದೆವು. ಇನ್ನೊಂದು ದೊಡ್ಡ ಹೆಣ್ಣನ್ನು ಕ್ಯಾನ್ವಾಸ್ ಜೋಳಿಗೆಯಲ್ಲಿ ಹಾಕಿ ಸರಪಳಿಯಲ್ಲಿ ಮೇಲಕ್ಕೆತ್ತಿದೆವು. ನೀರಿನಲ್ಲಿ ಇರುವಷ್ಟು ಹೊತ್ತು ಅಷ್ಟು ಭಾರದ ಮೈಯನ್ನು ನೀರೇ ಹೊತ್ತುಕೊಂಡಿರುತ್ತದೆ. ಗಾಳಿಯಲ್ಲಿ ತನ್ನ ಭಾರಕ್ಕೆ ತಾನೇ ಒಳಗೊಳಗೆ ಹರಿದುಹೋಗುತ್ತದೆ. ಒಂದೇ ಒಂದು ಸಲ ಬಾಲ ಬಡಿಯಿತು. ಮೂರನೇ ದಿನ ಕೊಳದಲ್ಲಿ ಹೊಟ್ಟೆ ಮೇಲಾಗಿ ತೇಲುತ್ತಿತ್ತು. ಆಮೇಲೆ ಇಬ್ಬರು ಆಳು ಎತ್ತಲಾರದ ಮೀನನ್ನು ನೀರಿನಿಂದ ಹೊರಗೆ ತೆಗೆಯಲೇಬಾರದು ಅಂತ ನಾನೇ ಹಟ ಹಿಡಿದು ನಿಯಮ ಮಾಡಿಸಿದೆ. ಈಗ ಅದೇ ನಿಯಮ ನನ್ನ ಕೈ ಕಟ್ಟಿಹಾಕಿತ್ತು. ಉಳಿದದ್ದು ಟೇಪು ಒಂದೇ. ಉದ್ದ ಅಳೆ, ಸುತ್ತಳತೆ ಅಳೆ, ಲೆಕ್ಕ ಹಾಕು.

ಇದನ್ನು ಮೊದಲೇ ಮಾಡಿಡೋಣ, ಚಿಕ್ಕ ಮೀನುಗಳನ್ನು ಅಳೆದು ತೂಗಿ ನಮ್ಮ ಮೀನಿಗೆ ನಮ್ಮದೇ ಲೆಕ್ಕ ಕಟ್ಟಿಡೋಣ ಅಂತ ಚಳಿಗಾಲದಲ್ಲೇ ಕೇಂದ್ರದ ಮುಖ್ಯಸ್ಥರಿಗೆ ಹೇಳಿದ್ದೆ. ಅವರ ಹೆಸರು ತೀರಯುತ್. ನನಗಿಂತ ಎಷ್ಟೋ ಚಿಕ್ಕವರು, ಬ್ಯಾಂಕಾಕಿನಿಂದ ಬಂದವರು, ಕೆಟ್ಟವರಲ್ಲ.

"ಸುಮ್ನೆ ಬಲೆ ಹಾಕಿ ಮೀನಿಗೆ ಯಾಕಕ್ಕ ತೊಂದ್ರೆ?" ಅಂದಿದ್ದರು. "ಲೆಕ್ಕದ ಸೂತ್ರ ಪ್ರಪಂಚದಲ್ಲೆಲ್ಲ ಇದೆ. ಬೇಕಾದಾಗ ತಗೊಂಡ್ರಾಯ್ತು."

ಬೇಕಾದ ದಿನ ಬಂತು.

ಬೆಳಗ್ಗೆ ಖಮ್ಮೂನ್ ದೊಡ್ಡಪ್ಪ ಕೊಳದ ಬದುವಿನ ಮೇಲಿದ್ದ ದೇವರ ಗೂಡಿಗೆ ಮೇಣದಬತ್ತಿ ಹಚ್ಚಿ, ಅಂಟು ಅಕ್ಕಿಯ ಅನ್ನದ ಉಂಡೆ ಇಟ್ಟು, ಅಕ್ಕಿ ಸಾರಾಯಿ ಸುರಿದರು. ಲೋಟದಲ್ಲಿ ಉಳಿದದ್ದನ್ನು ತಾವು ಕುಡಿದರು. ಬಲೆ ಎಳೆದೆವು. ಅಜ್ಜಿ ಜಗಳವಾಡದೆ ಬಂದಳು. ನೀರಿನೊಳಗೇ ಜೋಳಿಗೆ ಹಿಡಿದು ಅವಳನ್ನು ಅದರೊಳಗೆ ಜಾರಿಸಿ, ಕಾಲುವೆಯಿಂದ ಕೊಳಕ್ಕೆ ಸೇರಿಕೊಂಡಿದ್ದ ಪಕ್ಕದ ಸಿಮೆಂಟ್ ತೊಟ್ಟಿಗೆ ನೀರಿನಲ್ಲೇ ತಳ್ಳಿಕೊಂಡು ಹೋದೆವು. ದೊಡ್ಡಪ್ಪ ತಲೆಯ ಹತ್ತಿರ ನಿಂತು ಒದ್ದೆ ಬಟ್ಟೆಯಲ್ಲಿ ಅವಳ ಕಣ್ಣು ಮುಚ್ಚಿದರು.

ಉದ್ದಕ್ಕೆ ತಕರಾರಿರಲಿಲ್ಲ. ನೂರಾ ಐವತ್ತೆರಡು ಸೆಂಟಿಮೀಟರ್. ತಕರಾರು ಶುರುವಾದದ್ದು ಸುತ್ತಳತೆಯಲ್ಲಿ.

ನಾನು ಬೆನ್ನಿನ ರೆಕ್ಕೆಯ ಮುಂದೆ ಟೇಪು ಸುತ್ತಿದೆ. ಎಂಬತ್ತೆಂಟು.

"ಅಲ್ಲಿ ಯಾಕಕ್ಕ?" ತೀರಯುತ್ ಫೋನಿನಲ್ಲಿ ಏನನ್ನೋ ತೆರೆದುಕೊಂಡು ಓದಿದರು. "ಎಲ್ಲಿ ದಪ್ಪ ಇದೆಯೋ ಅಲ್ಲೇ ಅಳೀಬೇಕು ಅಂತ ಇದೆ ನೋಡಿ ಇದ್ರಲ್ಲಿ."

"ದಪ್ಪ ಇರೋದು ಹೊಟ್ಟೆ ಸಾರ್. ಮೊಟ್ಟೆ ತುಂಬಿ ಒಂದೇ ಕಡೆ ಉಬ್ಬಿದೆ. ಮೈಯೆಲ್ಲ ಅಷ್ಟೇ ದಪ್ಪ ಇದೆಯಾ?"

"ಅಳೆದು ನೋಡೋಣ, ಅಳೆದ್ರೆ ಏನ್ ಹೋಗತ್ತೆ?"

ಹೊಟ್ಟೆಗೆ ಸುತ್ತಿದೆವು. ತೊಂಬತ್ತೇಳು. ಮತ್ತೊಮ್ಮೆ ಮುಂದೆ ಸುತ್ತಲು ಹೋದರೆ ಅಜ್ಜಿ ಮೈ ಮುರಿದಳು, ಟೇಪು ಲೋಳೆಯಲ್ಲಿ ಜಾರಿ ಓರೆಯಾಯಿತು, ನನ್ನ ಬಾಯಿ ತುಂಬ ತೊಟ್ಟಿಯ ನೀರು. ಟೇಪು ಹಿಡಿದಿದ್ದ ಕೆಲಸದವನು ತೊಂಬತ್ತೆರಡು ಅಂತ ಕೂಗಿದ.

"ಅದು ಲೆಕ್ಕಕ್ಕಿಲ್ಲ, ಓರೆ ಆಗಿತ್ತು," ಅಂದೆ.

"ಬರ್ಕೋ, ಬರ್ಕೋ," ಅಂದರು ತೀರಯುತ್.

ಹೊರಗೆ ಬಂದು ಒದ್ದೆಯಾಗಿ ಕಾಲಿಗೆ ಸುತ್ತಿಕೊಂಡಿದ್ದ ಲುಂಗಿ ಹಿಂಡುತ್ತ ಲೆಕ್ಕ ಹಾಕಿದೆ. ಸುತ್ತಳತೆಯನ್ನು ಸುತ್ತಳತೆಯಿಂದಲೇ ಗುಣಿಸಿ, ಅದನ್ನು ಉದ್ದದಿಂದ ಗುಣಿಸಿ, ಬಂದದ್ದನ್ನು ಒಂದು ಸಂಖ್ಯೆಯಿಂದ ಭಾಗಿಸಬೇಕು. ತೀರಯುತ್ ಅವರ ಫೋನಿನಲ್ಲಿದ್ದ ಸೂತ್ರದ ಪ್ರಕಾರ ಆ ಸಂಖ್ಯೆ ಇಪ್ಪತ್ತೊಂಬತ್ತು ಸಾವಿರ. ರೆಕ್ಕೆಯ ಮುಂದಿನ ಅಳತೆಗೆ ನಲವತ್ತು ಕೆಜಿ ಚಿಲ್ಲರೆ ಬಂತು. ಓರೆ ಟೇಪಿಗೆ ನಲವತ್ನಾಲ್ಕು. ಹೊಟ್ಟೆಯ ಅಳತೆಗೆ ನಲವತ್ತೊಂಬತ್ತು. ಸುತ್ತಳತೆ ಎರಡು ಸಲ ಗುಣಿಸಿಕೊಳ್ಳುವುದರಿಂದ ಟೇಪು ಎರಡು ಬೆರಳು ಜಾರಿದರೆ ನಾಲ್ಕು ಕೆಜಿ ಹಾರಿಹೋಗುತ್ತದೆ. ಒಂದೇ ಮೀನು, ಒಂದೇ ತೊಟ್ಟಿ, ಮೂರು ತೂಕ.

"ಮೂರೂ ತಪ್ಪು," ಅಂದರು ಖಮ್ಮೂನ್ ದೊಡ್ಡಪ್ಪ ತೊಟ್ಟಿಯೊಳಗಿಂದಲೇ. ಅಜ್ಜಿಯ ತಲೆ ಇನ್ನೂ ಅವರ ತೋಳಿನಲ್ಲಿತ್ತು. "ಎಪ್ಪತ್ತಕ್ಕೆ ಒಂದು ಗುಂಜಿ ಕಮ್ಮಿ ಇಲ್ಲ ಇವಳು."

"ದೊಡ್ಡಪ್ಪ, ದಯವಿಟ್ಟು ಈಗ ಬೇಡ."

"ಯಾಕೆ ಬೇಡ? ಹಿಡಿದ ದಿನವೇ ಐವತ್ತು ಇತ್ತು. ಐದು ಜನ ಎಳೆದಿದ್ವಿ. ಇಷ್ಟು ವರ್ಷ ಕೂತ್ಕೊಂಡು ತಿಂದಿದಾಳೆ. ನೀನು ಟೇಪಲ್ಲಿ ಸುತ್ತಿ ನಲವತ್ತು ಅಂತೀಯ. ತಿಂದದ್ದೆಲ್ಲ ಎಲ್ಲಿ ಹೋಯ್ತು, ಹೇಳು?"

"ಹಿಡಿದ ದಿನ ತೂಗಿದ್ರಾ?"

"ತೂಗೋದೇನು? ಹೊತ್ತ ಬೆನ್ನಿಗೆ ಗೊತ್ತಾಗಲ್ವಾ?"

ಬದುವಿನ ಮೇಲೆ ನಿಂತಿದ್ದ ಕೆಲಸದವರು ಕಿಸಕ್ಕನೆ ನಕ್ಕರು. ನನಗೆ ನಗು ಬರಲಿಲ್ಲ. ಎಪ್ಪತ್ತು ಕೆಜಿಗೆ ಮದ್ದು ಕೊಟ್ಟರೆ ಏನಾಗುತ್ತದೆ ಅಂತ ಗೊತ್ತಿದ್ದದ್ದು ಅಲ್ಲಿ ನನಗೊಬ್ಬಳಿಗೇ. ಆದರೆ ನಲವತ್ತಕ್ಕೆ ಕೊಡು ಅಂದರೂ ನನಗೆ ಧೈರ್ಯ ಇರಲಿಲ್ಲ.

ತೀರಯುತ್ ಮೂರು ಸಂಖ್ಯೆ ಕೂಡಿಸಿ ಮೂರರಿಂದ ಭಾಗಿಸಿದರು. "ನಲವತ್ತೈದು. ಸರಿ ತಾನೆ? ನಲವತ್ತೈದಕ್ಕೆ ಕೊಡಿ."

"ಸಾರ್, ಅದ್ರಲ್ಲಿ ಒಂದು ಓರೆ ಟೇಪು. ಇನ್ನೊಂದು ಬರೀ ಹೊಟ್ಟೆ. ಮಧ್ಯ ನೋಡಿ ಮುಗಿಸೋಕೆ ಇದೇನು ಸಂತೇಲಿ ಚೌಕಾಸಿನಾ?"

"ಮತ್ತೇನ್ ಮಾಡೋಣ ಅಂತೀರಿ?"

"ಆ ಇಪ್ಪತ್ತೊಂಬತ್ತು ಸಾವಿರ ಯಾವ ಮೀನಿಂದು ಅಂತ ಬರ್ದಿದೆಯಾ ಅಲ್ಲಿ?"

ಅವರು ಬೆರಳಿಂದ ಮೇಲೆ ಕೆಳಗೆ ಸರಿಸಿದರು. ಅದು ಯಾವುದೋ ತಣ್ಣನೆಯ ದೇಶದ ಸರೋವರದಲ್ಲಿ ಗಾಳ ಹಾಕುವವರ ಪುಟ. ಹಿಡಿದ ಮೀನನ್ನು ಕೊಲ್ಲದೆ ವಾಪಸ್ ಬಿಡುವ ಮೊದಲು, ಎಷ್ಟಿತ್ತು ಅಂತ ಗೆಳೆಯರ ಹತ್ತಿರ ಹೇಳಿಕೊಳ್ಳಲು ಮಾಡಿಕೊಂಡ ಲೆಕ್ಕ. ಚಿತ್ರದಲ್ಲಿದ್ದ ಮೀನು ಒನಕೆಯ ಹಾಗೆ ಉದ್ದಕ್ಕಿತ್ತು, ಮೂತಿ ಬಾತುಕೋಳಿಯದು. ಅಜ್ಜಿಯೋ, ಮುಂದೆ ಗುಡಾಣ, ಹಿಂದೆ ಸಣಕಲು.

"ಅವರಿಗೆ ನಾಲ್ಕು ಕೆಜಿ ಆಚೀಚೆ ಆದ್ರೆ ಮಾತಲ್ಲಿ ಮುಗಿಯತ್ತೆ ಸಾರ್. ನಾನು ಸೂಜಿ ಚುಚ್ಚೋಳು."

ತೀರಯುತ್ ಸೊಂಟದ ಮೇಲೆ ಕೈಯಿಟ್ಟು ಆಕಾಶ ನೋಡಿದರು. ನದಿಯಾಚೆ ಲಾವೋಸಿನ ಬೆಟ್ಟದ ಮೇಲಲ್ಲ, ಈಚೆ ಪಶ್ಚಿಮದಲ್ಲಿ, ನಮ್ಮ ಕಡೆಯೇ ಮೋಡ ಕಟ್ಟುತ್ತಿತ್ತು.

"ಈಗಲೇ ಮೊದಲ ಸೂಜಿ ಹಾಕಿದ್ರೆ ಸಂಜೆಗೆ ಎರಡನೇದು. ನಸುಕಿಗೆ ಮೊಟ್ಟೆ. ಹೀಗಂತ ನೀವೇ ಅಲ್ವಾ ಅಕ್ಕ ಲೆಕ್ಕ ಕೊಟ್ಟಿದ್ದು?"

"ಮಧ್ಯಾಹ್ನದ ತನಕ ಟೈಮ್ ಕೊಡಿ. ಎರಡನೇ ಕೊಳದಲ್ಲಿ ಇದೇ ಜಾತಿಯ ಮರಿಗಳಿವೆ, ಇಬ್ಬರು ಎತ್ತಬಹುದು. ಅಳೆದು ತೂಗ್ತೀನಿ. ನಮ್ಮ ಮೀನಿಗೆ ನಮ್ಮ ಸಂಖ್ಯೆ ಸಿಗತ್ತೆ."

"ಚಳಿಗಾಲದಲ್ಲಿ ಹೇಳಿದ್ರಲ್ಲ, ಅದೇನಾ?"

"ಅದೇ."

ಆ ಒಂದು ಮಾತಿಗೆ ಅವರ ಮುಖ ಸ್ವಲ್ಪ ಕೆಂಪಾಯಿತು. "ಆಯ್ತು. ಮಧ್ಯಾಹ್ನದ ಊಟದ ತನಕ. ಅಷ್ಟೇ."

"ಆ ಕಡೆ ತೊಟ್ಟೀಲಿರೋ ಗಂಡು ಮೀನಿನ ಸೂಜಿಯನ್ನೂ ಅಷ್ಟೇ ಹೊತ್ತು ಮುಂದಕ್ಕೆ ಹಾಕ್ಸಿ ಸಾರ್. ಇಬ್ಬರೂ ಒಟ್ಟಿಗೆ ತಯಾರಾಗ್ಬೇಕು."

"ಹೂಂ, ಹೂಂ," ಅಂದರು, ಫೋನು ನೋಡುತ್ತಲೇ.

ಎರಡನೇ ಕೊಳದಲ್ಲಿ ಆದದ್ದನ್ನು ನೆನೆಸಿಕೊಂಡರೆ ಈಗಲೂ ಹಲ್ಲು ಕಡಿಯುವಂತಾಗುತ್ತದೆ. ಮೊದಲ ಎಳೆತಕ್ಕೆ ಬಲೆ ಕೆಳಗಿನ ಬೇರಿಗೆ ಸಿಕ್ಕಿ ಹರಿಯಿತು. ಸಿಕ್ಕಿದ್ದ ಮೀನೆಲ್ಲ ಆ ತೂತಿನಲ್ಲಿ ಸಾಲಾಗಿ ಹೊರಟುಹೋದವು. ಹೊಲಿದು ಎರಡನೇ ಸಲ ಎಳೆಯುವಷ್ಟರಲ್ಲಿ ಮಳೆ. ಸ್ಪ್ರಿಂಗ್ ತಕ್ಕಡಿಯನ್ನು ಮಳೆಮರದ ಕೊಂಬೆಗೆ ನೇತುಹಾಕಿ ಜೋಳಿಗೆಯಲ್ಲಿ ಮೀನು ಇಟ್ಟರೆ ಅದು ಒದ್ದಾಡಿ ಮುಳ್ಳು ಹನ್ನೆರಡಕ್ಕೂ ಇಪ್ಪತ್ತೆರಡಕ್ಕೂ ಕುಣಿಯುತ್ತಿತ್ತು. ಸುಮ್ಮನಾಗಲಿ ಅಂತ ಕಾದರೆ ಮೀನಿಗೆ ಉಸಿರು ಕಟ್ಟುತ್ತದೆ, ಕಾಯದಿದ್ದರೆ ಸಂಖ್ಯೆ ಸಿಗುವುದಿಲ್ಲ. ಒಂದು ಮೀನು ಜೋಳಿಗೆಯಿಂದ ಹಾರಿ ನನ್ನ ಮೊಣಕಾಲಿಗೆ ಬಡಿದು, ಕೆಸರಿನಲ್ಲಿ ಉರುಳಿ, ತಾನೇ ಕೊಳ ಸೇರಿತು. ಅದರ ಉದ್ದ ಅಳೆದಾಗಿತ್ತು, ತೂಕ ಆಗಿರಲಿಲ್ಲ. ನಾನು ಮಳೆಯಲ್ಲಿ ನಿಂತು ಬಾಯಿಗೆ ಬಂದದ್ದೆಲ್ಲ ಬೈದೆ. ಯಾರನ್ನು ಅಂತ ಕೇಳಿದ್ದರೆ ನನಗೂ ಗೊತ್ತಿರಲಿಲ್ಲ.

ಕೊನೆಗೆ ನಾಲ್ಕು ಮೀನು ಸರಿಯಾಗಿ ಆದವು. ನಾಲ್ಕಕ್ಕೂ ಬೆನ್ನಿನ ರೆಕ್ಕೆಯ ಮುಂದೆಯೇ ಅಳೆದೆ. ಗುಣಿಸಿ ಬಂದದ್ದನ್ನು ತಕ್ಕಡಿಯ ತೂಕದಿಂದ ಭಾಗಿಸಿದರೆ ನಾಲ್ಕೂ ಬೇರೆ ಬೇರೆ ಸಂಖ್ಯೆ ಕೊಟ್ಟವು, ಆದರೆ ಎಲ್ಲವೂ ಒಂದರ ಪಕ್ಕ ಒಂದು ಕೂತಿದ್ದವು. ನಡುವೆ ಇಪ್ಪತ್ತಾರೂವರೆ ಸಾವಿರ. ಅದು ನಮ್ಮ ಮೀನಿನ ಸಂಖ್ಯೆ. ಅಡುಗೆಮನೆಯ ಚಾವಡಿಯಲ್ಲಿ ಕೂತು, ಬೆರಳು ಒರೆಸಿಕೊಂಡು, ಅಜ್ಜಿಯ ಮೊದಲ ಅಳತೆಯನ್ನು ಗುಣಿಸಿ ಅದರಿಂದ ಭಾಗಿಸಿದೆ.

ನಲವತ್ನಾಲ್ಕು.

ಇನ್ನೊಂದು ಸಲ ಭಾಗಿಸಿದೆ. ನಲವತ್ನಾಲ್ಕೇ.

ತೀರಯುತ್ ಅಂಟನ್ನವನ್ನು ಪಪ್ಪಾಯಿ ಚಟ್ನಿಗೆ ಅದ್ದುತ್ತಿದ್ದವರು ಕೈ ನಿಲ್ಲಿಸಿದರು. "ಎಷ್ಟು ಬಂತಕ್ಕ?"

ಹೇಳಿದೆ.

"ನಾನು ಬೆಳಗ್ಗೆನೇ ನಲವತ್ತೈದು ಅಂದಿದ್ನಲ್ಲ!"

"ಹೌದು ಸಾರ್."

"ಒಂದು ಕೆಜಿ! ಒಂದು ಕೆಜಿಗೋಸ್ಕರ ಬಲೆ ಹರೀತು, ಅರ್ಧ ದಿನ ಹೋಯ್ತು, ಎಲ್ಲರೂ ನೆಂದು ತೊಪ್ಪೆ."

ನೀವು ಹೇಳಿದ್ದು ಕುರುಡು ಕಲ್ಲೇಟು, ಇದು ಗೊತ್ತಿದ್ದು ಹೇಳುತ್ತಿರುವುದು ಅನ್ನಬೇಕೆಂದು ಬಾಯಿಯ ತನಕ ಬಂತು. ಆದರೆ ಅಲ್ಲಿದ್ದ ಎಲ್ಲರ ಮುಖದಲ್ಲೂ ಅದೇ ಪ್ರಶ್ನೆ ಇತ್ತು, ಬೆಳಗಿನಿಂದ ಕೆಸರು ತುಳಿದದ್ದು ಇದಕ್ಕೇನಾ ಅಂತ. ಅವರಿಗೆ ಏನು ಹೇಳಲಿ? ನನಗೇ ಅಳು ಬರುವಂತಾಗಿತ್ತು. ಮೂವತ್ತೆಂಟು ಬಂದಿದ್ದರೆ ನಾನು ಸರಿ ಅಂತಾಗುತ್ತಿತ್ತು, ಐವತ್ತೆರಡು ಬಂದಿದ್ದರೂ ಆಗುತ್ತಿತ್ತು. ಅವರು ಕಣ್ಣುಮುಚ್ಚಿ ಹೇಳಿದ್ದಕ್ಕೇ ಬಂದು ಕೂತಿತು ಹಾಳಾದ್ದು. ಮೇಲಾಗಿ ಆ ನಾಲ್ಕು ಮರಿಗಳ ಹೊಟ್ಟೆಯಲ್ಲಿ ಮೊಟ್ಟೆ ಇರಲಿಲ್ಲ. ಅಜ್ಜಿಯ ಹೊಟ್ಟೆಯಲ್ಲಿ ಎಷ್ಟು ಕೆಜಿ ಮೊಟ್ಟೆ ಇತ್ತೋ, ಅದನ್ನು ಮೈಯ ತೂಕಕ್ಕೆ ಸೇರಿಸಿ ಮದ್ದು ಕೊಡಬೇಕೋ ಬಿಡಬೇಕೋ, ಅದನ್ನು ಯಾವ ಟೇಪೂ ಹೇಳುವುದಿಲ್ಲ.

ಖಮ್ಮೂನ್ ದೊಡ್ಡಪ್ಪ ಊಟಕ್ಕೆ ಬಂದಿರಲೇ ಇಲ್ಲ. ತೊಟ್ಟಿಯ ಹತ್ತಿರವೇ ಇದ್ದರು. ಸೂಜಿ ತುಂಬಿಕೊಂಡು ಹೋದಾಗ ಕೇಳಿದರು. "ಎಷ್ಟಕ್ಕೆ ತುಂಬಿದೀಯ?"

"ನಲವತ್ನಾಲ್ಕು."

"ನನ್ನ ಮೀನನ್ನ ಅರ್ಧ ಮಾಡ್ಬಿಟ್ಯಲ್ಲ."

"ಅರ್ಧ ಅಲ್ಲ ದೊಡ್ಡಪ್ಪ, ಲೆಕ್ಕ ಇದೆ."

"ನದೀಲಿ ಎಲ್ಲರೂ ಕೇಳೋರು, ಖಮ್ಮೂನ್ ಹಿಡಿದದ್ದು ಎಷ್ಟು ತೂಕ ಅಂತ. ಇಷ್ಟು ವರ್ಷ ಐವತ್ತು ಅಂತ ಹೇಳ್ಕೊಂಡು ಬಂದೆ. ಈಗ ನೀನು, ಮುದುಕ ಸುಳ್ಳ ಅಂತ ಊರಿಗೆಲ್ಲ ತೋರಿಸ್ದೆ."

"ನಾನು ಎಲ್ಲಿ ಹಾಗಂದೆ?" ನನ್ನ ದನಿ ಏರಿತ್ತು. "ಬೆಳಗ್ಗಿಂದ ಒಬ್ಬರು ಮೇಲಕ್ಕೆ ಎಳೀತೀರ, ಒಬ್ಬರು ಮಧ್ಯಕ್ಕೆ ಎಳೀತೀರ. ಇವಳು ಸತ್ರೆ ನೀವು ಯಾರೂ ಉತ್ತರ ಕೊಡಲ್ಲ. ನಾನೇ ಕೊಡ್ಬೇಕು. ತಲೆ ಹಿಡೀರಿ ಈಗ!"

ಅವರು ತಲೆ ಹಿಡಿದರು. ಬೆನ್ನಿನ ರೆಕ್ಕೆಯ ಕೆಳಗೆ ಸೂಜಿ ಚುಚ್ಚಿದೆ, ನಿಧಾನವಾಗಿ ಒತ್ತಿದೆ, ಹೆಬ್ಬೆರಳಲ್ಲಿ ಗಾಯ ಒತ್ತಿ ಹಿಡಿದೆ. ಅಜ್ಜಿ ಕದಲಲಿಲ್ಲ. ರಾತ್ರಿ ಎರಡನೇ ಸೂಜಿ ಕೊಟ್ಟು ಮನೆಗೆ ಹೋಗುವಾಗ ದೊಡ್ಡಪ್ಪ ತೊಟ್ಟಿಯ ಪಕ್ಕ ಚಾಪೆ ಹಾಸಿಕೊಳ್ಳುತ್ತಿದ್ದರು. ಹೊರಡುತ್ತೀನಿ ಅಂದರೆ ನನ್ನ ಕಡೆ ಬೆನ್ನು ಮಾಡಿ ಮಲಗಿದರು.

ಮರುದಿನ ನಾನು ಕೇಂದ್ರಕ್ಕೆ ಬಂದಾಗ ಗಂಡು ಮೀನಿನ ತೊಟ್ಟಿಯ ನೀರು ಮಜ್ಜಿಗೆ ನೀರಿನ ಹಾಗಿತ್ತು.

"ಗಂಡಿಗೆ ಸೂಜಿ ಯಾವಾಗ ಹಾಕಿದ್ದು?" ಅಂತ ಕೆಲಸದವನನ್ನು ಹಿಡಿದು ಕೇಳಿದೆ.

"ಮೊದಲೇ ಹೇಳಿದ್ರಲ್ಲಕ್ಕ, ಸಂಜೆ ಅಂತ. ಸಂಜೆನೇ ಹಾಕಿದ್ದು."

"ಮುಂದಕ್ಕೆ ಹಾಕಿ ಅಂತ ಹೇಳಲಿಲ್ವಾ ಯಾರೂ?"

"ಇಲ್ವಲ್ಲ."

ನಾನು ಅರ್ಧ ದಿನ ಹೆಣ್ಣನ್ನು ಹಿಂದಕ್ಕೆ ಹಿಡಿದಿದ್ದೆ, ಗಂಡು ಮಾತ್ರ ಹಳೆಯ ಸಮಯಕ್ಕೇ ತಯಾರಾಗಿತ್ತು. ನಸುಕಿನಲ್ಲೇ ಬಿಡಲು ಶುರುಮಾಡಿ ವೀರ್ಯವನ್ನೆಲ್ಲ ನೀರುಪಾಲು ಮಾಡುತ್ತಿತ್ತು. ಓಡಿಹೋಗಿ ಒಣ ಬಟ್ಟೆಯಲ್ಲಿ ಅದರ ಹೊಟ್ಟೆ ಒರೆಸಿ, ಒತ್ತಿ, ಸಿಕ್ಕಿದಷ್ಟನ್ನು ಗಾಜಿನ ಕೊಳವೆಗೆ ಹಿಡಿದು ಮಂಜುಗಡ್ಡೆಯ ಮೇಲಿಟ್ಟೆ. ಒಂದು ತೊಟ್ಟು ಸೂಕ್ಷ್ಮದರ್ಶಕದ ಕೆಳಗೆ ನೋಡಿದೆ. ಕೆಲವು ಚುರುಕಾಗಿ ಓಡುತ್ತಿದ್ದವು. ತುಂಬ ನಿಂತೇ ಹೋಗಿದ್ದವು.

ತೀರಯುತ್ ಬಂದರು. ನನ್ನ ಮುಖ ನೋಡಿಯೇ ಅವರಿಗೆ ಗೊತ್ತಾಯಿತು.

"ಹೇಳಿದ್ದೆ ಸಾರ್."

"ಹೇಳಿದ್ರಿ," ಅಂದರು. "ಮರೆತೆ ಅಕ್ಕ. ಪೂರ್ತಿ ಮರೆತೆ."

ಜಗಳವಾಡುವುದಕ್ಕಾದರೂ ಅವರು ಏನಾದರೂ ವಾದ ಮಾಡಬೇಕಿತ್ತು. ಹಾಗೆ ಒಪ್ಪಿಕೊಂಡುಬಿಟ್ಟರೆ ಸಿಟ್ಟನ್ನು ಎಲ್ಲಿ ಇಡುವುದು?

ಬಿಸಿಲೇರುವ ಹೊತ್ತಿಗೆ ಅಜ್ಜಿ ತೊಟ್ಟಿಯಲ್ಲಿ ಸುತ್ತತೊಡಗಿದಳು. ದೊಡ್ಡಪ್ಪ ಕೂಗಿದರು. ಜೋಳಿಗೆಯಲ್ಲಿ ಮಗ್ಗುಲಾಗಿಸಿ, ಹೊಟ್ಟೆಯ ಬದಿಯನ್ನಷ್ಟೇ ನೀರಿನಿಂದ ಎತ್ತಿ ಒರೆಸಿ, ಕೈಯಿಟ್ಟು ಮೆಲ್ಲಗೆ ಹಿಂದಕ್ಕೆ ಸವರಿದೆ. ಒತ್ತಬೇಕಾಗಲೇ ಇಲ್ಲ. ಮೊಟ್ಟೆಗಳು ಸಾಬೂದಾನಿ ಗಂಜಿಯ ಹಾಗೆ ಬೋಗುಣಿಗೆ ಸುರಿದವು. ಒಂದು ಬೋಗುಣಿ ತುಂಬಿತು, ಇನ್ನೊಂದು, ಮತ್ತೊಂದು. ರಕ್ತದ ಗೆರೆಯಿಲ್ಲ, ಗಂಟಿಲ್ಲ. ಮದ್ದು ಸರಿಯಾಗಿತ್ತು. ನಲವತ್ತೈದಕ್ಕೆ ಕೊಟ್ಟಿದ್ದರೂ ಇಷ್ಟೇ ಸರಿಯಾಗಿರುತ್ತಿತ್ತೇನೋ. ಗೊತ್ತಿಲ್ಲ. ಅದು ಯಾವತ್ತೂ ಗೊತ್ತಾಗುವುದೂ ಇಲ್ಲ.

ಅಷ್ಟು ಮೊಟ್ಟೆಗೆ ನಮ್ಮಲ್ಲಿದ್ದದ್ದು ಅರೆಜೀವದ ಒಂದಿಷ್ಟು ವೀರ್ಯ. ಕೋಳಿಗರಿಯಲ್ಲಿ ಕಲಸುತ್ತ, ಯಾವ ಬೋಗುಣಿಗೆ ಎಷ್ಟು ಹಾಕಲಿ ಅಂತ ಲೆಕ್ಕ ಹಾಕುತ್ತಿದ್ದೆ. ಹಂಚಿ ಹಾಕಿದರೆ ಯಾವುದಕ್ಕೂ ಸಾಲದು. ಎರಡು ಬೋಗುಣಿಗೆ ಪೂರ್ತಿ ಹಾಕಿದೆ. ಮೂರನೆಯದಕ್ಕೆ ಕೊಳವೆ ತೊಳೆದ ನೀರಷ್ಟೇ ಸಿಕ್ಕಿತು. ದೊಡ್ಡಪ್ಪ ಅಜ್ಜಿಯ ತಲೆ ಹಿಡಿದುಕೊಂಡೇ ಆ ಮೂರನೇ ಬೋಗುಣಿಯನ್ನು ನೋಡುತ್ತಿದ್ದರು.

"ಅದಕ್ಕೆ?" ಅಂದರು.

"ಅದಕ್ಕಿಲ್ಲ ದೊಡ್ಡಪ್ಪ."

ಅವರು ಅಜ್ಜಿಯ ಕಣ್ಣಿನ ಮೇಲಿನ ಬಟ್ಟೆಯನ್ನು ಸರಿಮಾಡಿದರು. ಒಂದು ಬೈಗುಳ ಬೈದಿದ್ದರೂ ಚೆನ್ನಾಗಿತ್ತು.

ಮಾರನೆಯ ದಿನ ಮೂರನೆಯ ಬೋಗುಣಿಯದೆಲ್ಲ ಬಿಳಿಚಿ ಹತ್ತಿಯ ಹಾಗೆ ಬೂಷ್ಟು ಕಟ್ಟಿತು. ಉಳಿದೆರಡರಲ್ಲಿ ಅರ್ಧಕ್ಕೂ ಹೆಚ್ಚು ಹಾಗೇ ಹೋಯಿತು. ಬಿಳಿಯವನ್ನು ಹೀರಿ ಹೀರಿ ತೆಗೆದು ನನ್ನ ಕುತ್ತಿಗೆ ಸೆಟೆದುಕೊಂಡಿತು. ಆದರೂ ಸಂಜೆ ಉಳಿದ ಮೊಟ್ಟೆ ಇಟ್ಟಿದ್ದ ಗಾಜಿನ ಜಾಡಿಗೆ ದೀಪ ಹಿಡಿದರೆ, ಸೂಜಿಮೊನೆಯಷ್ಟು ಬಾಲಗಳು ಪಟಪಟ ಬಡಿಯುತ್ತಿದ್ದವು. ನೇರ ಬಾಲಗಳು. ಲಕ್ಷಾಂತರ ಆಗಬೇಕಿದ್ದದ್ದು ಕೆಲವು ಸಾವಿರ ಆಗಿತ್ತು.

ಅದಕ್ಕೂ ನೆಮ್ಮದಿ ಇರಲಿಲ್ಲ. ದೊಡ್ಡವಾದ ಮೇಲೆ ಪಾಚಿ ತಿಂದು ಬದುಕುವ ಈ ಜಾತಿ ಮರಿಯಾಗಿದ್ದಾಗ ಒಡಹುಟ್ಟಿದವರನ್ನೇ ತಿನ್ನುತ್ತದೆ. ಹೊಟ್ಟೆ ಹಸಿಯಲು ಬಿಡದೆ ನೀರುಚಿಗಟ ಅನ್ನುವ ಸಣ್ಣ ನೀರುಹುಳು ಹಾಕುತ್ತಲೇ ಇರಬೇಕು. ದಪ್ಪಗಾದವನ್ನು ಬೇರೆ ತೊಟ್ಟಿಗೆ ಆರಿಸಿ ಹಾಕುತ್ತಲೇ ಇರಬೇಕು. ನಾನು, ದೊಡ್ಡಪ್ಪ ಎದುರುಬದುರು ಕುಕ್ಕರುಗಾಲಲ್ಲಿ ಕೂತು ಬಿಳಿ ತಟ್ಟೆಯಲ್ಲಿ ಮರಿ ಆರಿಸುತ್ತಿದ್ದೆವು. ಮೊದಮೊದಲು ಅವರು ನನ್ನೊಡನೆ ಮಾತಾಡುತ್ತಿರಲಿಲ್ಲ. ಚಮಚದಲ್ಲಿ ಒಂದನ್ನು ಎತ್ತಿ ನನ್ನ ತಟ್ಟೆಯ ಕಡೆ ಚಾಚುವುದು, ನಾನು ತಲೆಯಾಡಿಸುವುದು, ಅಷ್ಟೇ.

ಒಂದು ಬೆಳಗ್ಗೆ ತೀರಯುತ್ ಬಂದು ನಮ್ಮ ಪಕ್ಕ ಕುಕ್ಕರಿಸಿದರು. ಇಸ್ತ್ರಿ ಮಾಡಿದ ಪ್ಯಾಂಟು ಒದ್ದೆಯಾಯಿತು.

"ಅಕ್ಕ, ಈ ಚಳಿಗಾಲ ಎರಡನೇ ಕೊಳದ್ದನ್ನೆಲ್ಲ ಅಳೆದು ತೂಗಿಬಿಡೋಣ. ನಾಲ್ಕು ಸಾಲಲ್ಲ ಅಂತೀರಲ್ಲ, ನಲವತ್ತು ಮಾಡೋಣ. ಹೊಸ ಬಲೆಗೆ ಹೇಳಿದೀನಿ."

ಹೋದ ಚಳಿಗಾಲದಲ್ಲಿ ಇದೇ ಮಾತು ನಾನು ಹೇಳಿದಾಗ ಎಲ್ಲಿಗೆ ಹೋಗಿತ್ತು ಈ ಬುದ್ಧಿ ಅಂತ ಕೇಳಬಹುದಿತ್ತು. ಕೇಳಲಿಲ್ಲ. "ಹೂಂ ಸಾರ್" ಅಂದೆ. ತಟ್ಟೆಯಲ್ಲಿ ಒಂದು ದಪ್ಪ ಮರಿ ಪಕ್ಕದ್ದರ ಬಾಲವನ್ನು ಆಗಲೇ ಬಾಯಿಗೆ ಹಾಕಿಕೊಂಡಿತ್ತು. ಬಿಡಿಸಲು ಹೋದರೆ ಎರಡೂ ಸತ್ತವು.

"ನನ್ನನ್ನ ಆ ಕೆಲಸಕ್ಕೆ ಕರೀಬೇಡಿ," ಅಂದರು ದೊಡ್ಡಪ್ಪ, ತಲೆಯೆತ್ತದೆ. "ನಾನು ಬಂದ್ರೆ ಎಲ್ಲ ಮೀನೂ ಎಪ್ಪತ್ತು ಅಂತೀನಿ."

ತೀರಯುತ್ ನಕ್ಕರು. ನನಗೆ ಅದು ಮುನಿಸೋ ರಾಜಿಯೋ ಗೊತ್ತಾಗಲಿಲ್ಲ. ದೊಡ್ಡಪ್ಪ ಎದ್ದು, ಮಂಡಿ ಹಿಡಿದುಕೊಂಡು, ಮೇವಿನ ಬುಟ್ಟಿ ಎತ್ತಿಕೊಂಡು ಐದನೇ ಕೊಳದ ಕಡೆ ನಡೆದರು. ಕೊಳಕ್ಕೆ ವಾಪಸ್ ಬಿಟ್ಟ ದಿನದಿಂದ ಅಜ್ಜಿ ಮೇವು ಮುಟ್ಟಿರಲಿಲ್ಲ. ಮದ್ದಿನಿಂದಲೋ, ಕೈಯಾಡಿಸಿದ್ದರಿಂದಲೋ, ಒಳಗೆ ಏನಾದರೂ ಕೆಟ್ಟಿದೆಯೋ ಅಂತ ನಾನು ದಿನಾ ಬದುವಿನ ಮೇಲೆ ನಿಂತು ಬರುತ್ತಿದ್ದೆ. ತೇಲಿ ಬಂದದ್ದು ಮೇವೇ ಹೊರತು ಮೀನಲ್ಲ ಅನ್ನುವುದೇ ಸಮಾಧಾನ.

ನಾನು ಸತ್ತ ಎರಡು ಮರಿಗಳನ್ನು ತಟ್ಟೆಯಿಂದ ತೆಗೆಯುತ್ತಿದ್ದಾಗ ಆ ಕಡೆಯಿಂದ ಕೂಗು ಕೇಳಿಸಿತು.

"ಬುಪ್ಫಾ! ಏ ಬುಪ್ಫಾ! ಬಾ ಇಲ್ಲಿ, ಬೇಗ!"

ಅಷ್ಟು ದಿನದ ಮೇಲೆ ನನ್ನ ಹೆಸರು ಹಿಡಿದು ಕರೆದಿದ್ದರು. ಚಮಚ ಅಲ್ಲೇ ಬಿಟ್ಟು ಓಡಿದೆ. ದೊಡ್ಡಪ್ಪ ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದರು. ಅವರ ಮುಂದೆ ನೀರು ಒಮ್ಮೆ ಉಬ್ಬಿತು, ಬೊಚ್ಚು ಬಾಯಿ ತೆರೆಯಿತು, ಒಂದು ಹಿಡಿ ಮೇವು ನೀರಿನ ಸಮೇತ ಒಳಗೆ ಹೋಯಿತು.

"ತಿಂದಳು," ಅಂದರು.

"ಇನ್ನೊಂದು ಹಿಡಿ ಹಾಕಿ ದೊಡ್ಡಪ್ಪ."

ಅವರು ಹಾಕಿದರು. ನಾವಿಬ್ಬರೂ ನೀರನ್ನೇ ನೋಡುತ್ತ ನಿಂತೆವು.